ಎಂಬತ್ತೋ ಒಂಬತ್ತೋ: ಕಿವಿ ಹೋದ ಮೇಲೆ ಮಾತು ಮಸುಕಾದ ಒಂದು ಪ್ರಕರಣ

ಸಾಗರದ ಅಡಿಕೆ ಮಂಡಿಯೊಂದರ ಗುಮಾಸ್ತರು, ವಯಸ್ಸು 43. ದೂರುಗಳು ಮೂರು. ಮನೆಯಲ್ಲಿ ಹೆಂಡತಿಯ ಹತ್ತಿರ ‘ಕಾಫಿ ಆಯ್ತಾ’ ಎಂದು ಕೇಳಿದರೂ ಜಗಳಕ್ಕೆ ನಿಂತಂತೆ ಇರುತ್ತದೆ. ಅದೇ ಮಂಡಿಯ ಅಂಗಳದಲ್ಲಿ ಲಾರಿ ಸದ್ದು ಮಾಡುತ್ತಿರುವಾಗ ಅವರ ಮಾತು ಯಾರಿಗೂ ಮುಟ್ಟುವುದಿಲ್ಲ. ಮೂರನೆಯದು ಹೊಟ್ಟೆಪಾಡಿಗೇ ತಟ್ಟಿದ್ದು: ಚೀಲದ ಲೆಕ್ಕ ಹೇಳಿದರೆ ಎಂಬತ್ತೋ ಒಂಬತ್ತೋ ತಿಳಿಯುವುದಿಲ್ಲ, ‘ಸಾವಿರ’ ಎಂದಿದ್ದು ‘ಆವಿರ’ ಎಂದು ಕೇಳುತ್ತದೆ. ಹೊಸ ಗಿರಾಕಿಗಳು ಒಂದಿಬ್ಬರು ಬೆಳಿಗ್ಗೆಯೇ ಕುಡಿದು ಕೂತಿದ್ದಾರೆಂದು ತಿಳಿದು ಎದ್ದು ಹೋಗಿದ್ದೂ ಉಂಟು.

ಇದು ಯಾರೋ ಒಬ್ಬರ ಆಸ್ಪತ್ರೆ ಕಡತವಲ್ಲ. ದೊಡ್ಡವರಾದ ಮೇಲೆ ಕಿವಿ ಕಳೆದುಕೊಂಡವರಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಬ್ಬ ವ್ಯಕ್ತಿಯ ಸುತ್ತ ಜೋಡಿಸಿ ಬರೆದದ್ದು. ಅಂಕಿಗಳನ್ನೂ ಹಾಗೆಯೇ ಓದಿಕೊಳ್ಳಬೇಕು.

ಕಿವಿಗೆ ಆದದ್ದು

ಒಂಬತ್ತು ವರ್ಷದ ಹಿಂದೆ ಔಷಧಕ್ಕೆ ಬಗ್ಗದ ಕ್ಷಯ ಬಂದಿತ್ತು. ಕ್ಯಾನಮೈಸಿನ್ ಇಂಜೆಕ್ಷನ್ ತಿಂಗಳುಗಟ್ಟಲೆ ನಡೆಯಿತು. ಮೂರನೆಯ ತಿಂಗಳಿಗೆ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಸದ್ದು ಶುರುವಾಯಿತು. ಮಳೆಗಾಲವಾದ್ದರಿಂದ ಹೊರಗಿನ ಜೀರುಂಡೆಯೇ ಎಂದುಕೊಂಡು ಅವರು ಯಾರಿಗೂ ಹೇಳಲಿಲ್ಲ. ಆಮೇಲೆ ಹಕ್ಕಿ ಕೂಗು, ಕುಕ್ಕರ್ ಸೀಟಿ ಹೋದವು. ಕೊನೆಗೆ ಎದುರು ಕೂತವರ ಮಾತೇ ಹೋಯಿತು. ಕ್ಷಯ ಪೂರ್ತಿ ವಾಸಿಯಾಯಿತು.

ಈ ಗುಂಪಿನ ಔಷಧಗಳು ಒಳಗಿವಿಯ ಶಂಖದಲ್ಲಿರುವ ಕೂದಲು ಕೋಶಗಳನ್ನು ಕೊಲ್ಲುತ್ತವೆ. ಶಂಖದ ಬುಡದ ಕೋಶಗಳು ಹೆಚ್ಚಿನ ಆವರ್ತನದ, ಅಂದರೆ ಕೀಚಲು ಸದ್ದುಗಳಿಗೆ ಮೀಸಲು. ಮೊದಲು ಸಾಯುವುದು ಅವೇ. ಹಾನಿ ತುದಿಯ ಕಡೆಗೆ ಏರುತ್ತಾ ಹೋಗುತ್ತದೆ, ಔಷಧ ನಿಲ್ಲಿಸಿದ ಮೇಲೂ ಕೆಲಕಾಲ ಮುಂದುವರಿಯಬಹುದು. ಸತ್ತ ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಕ್ಯಾನಮೈಸಿನ್ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರ ಮಾರ್ಗಸೂಚಿಯಲ್ಲಿ ಹೇಳಿತು; ಈಗಿನ ಚಿಕಿತ್ಸೆ ಹೆಚ್ಚಾಗಿ ಬಾಯಿಂದ ನುಂಗುವ ಮಾತ್ರೆಗಳಲ್ಲೇ ಮುಗಿಯುತ್ತದೆ. ಅದಕ್ಕೂ ಮೊದಲು ಇಂಜೆಕ್ಷನ್ ಪಡೆದವರು ನಮ್ಮ ಊರುಗಳಲ್ಲಿ ಇದ್ದಾರೆ, ಅವರಲ್ಲಿ ಕೆಲವರನ್ನು ಮನೆಯವರು ‘ಮುಂಗೋಪಿ’ ಎಂದು ಕರೆಯುತ್ತಿರುತ್ತಾರೆ.

ಶ್ರವಣ ಪರೀಕ್ಷೆಯೆಂದರೆ ಒಂದೊಂದು ಆವರ್ತನದ ಸದ್ದು ಎಷ್ಟು ಜೋರಾದರೆ ಕೇಳುತ್ತದೆ ಎಂದು ನೋಡುವುದು; ಅಂಕಿ ದೊಡ್ಡದಾದಷ್ಟೂ ನಷ್ಟ ಹೆಚ್ಚು. ಎರಡೂ ಕಿವಿ ಹೆಚ್ಚುಕಮ್ಮಿ ಒಂದೇ: 250 ಹರ್ಟ್ಸ್‌ನಲ್ಲಿ 65 ಡೆಸಿಬಲ್, 500ರಲ್ಲಿ 80, 1000ದಲ್ಲಿ 95, 2000 ಮತ್ತು ಅದರ ಮೇಲೆ ಯಂತ್ರ ಪೂರ್ತಿ ಏರಿಸಿದರೂ ಉತ್ತರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟವಿದ್ದರೆ ಕಿವುಡು ಎನ್ನುತ್ತದೆ, ಇವರದು ಅದನ್ನು ದಾಟಿದೆ. ಆದರೂ ತಗ್ಗು ಸದ್ದಿನ ಕಡೆ ಒಂದಿಷ್ಟು ಉಳಿದಿದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಮುಂದೆ ಕೆಲಸಕ್ಕೆ ಬಂದದ್ದು ಅದೇ.

ನಾಲಿಗೆಯ ಮೇಲೆ ಬಿದ್ದ ತಪ್ಪು

ಮಾತು ಕೆಟ್ಟಿತು ಎಂದ ಕೂಡಲೇ ಎಲ್ಲರ ಕಣ್ಣು ನಾಲಿಗೆಯ ಮೇಲೆ. ಮನೆಯಲ್ಲಿ ಬಜೆ ಬೇರನ್ನು ಜೇನಿನಲ್ಲಿ ತೇಯ್ದು ತಿಂಗಳುಗಟ್ಟಲೆ ನಾಲಿಗೆಗೆ ಸವರಿದರು. ಆಮೇಲೆ ಯಾರೋ ಹೇಳಿದರೆಂದು ನಾಲಿಗೆ ಚಾಚುವುದು, ಬಲೂನು ಊದುವುದು ನಡೆಯಿತು. ಬಾಯಿ ಪರೀಕ್ಷಿಸಿದಾಗ ನಾಲಿಗೆ, ಅಂಗುಳು, ತುಟಿ, ದವಡೆ ಯಾವುದಕ್ಕೂ ಬಲ ಕಡಿಮೆ ಇರಲಿಲ್ಲ. ಗಟ್ಟಿ ಚಕ್ಕುಲಿ ತಿನ್ನುವ ನಾಲಿಗೆಗೆ ವ್ಯಾಯಾಮ ಮಾಡಿಸಿ ‘ಸ’ ಬರಿಸಲಾಗದು. ಹೋದದ್ದು ಬಲವಲ್ಲ, ತನ್ನ ಮಾತನ್ನು ತಾನೇ ಕೇಳಿ ತಿದ್ದಿಕೊಳ್ಳುವ ದಾರಿ.

ಮಾತಾಡುವವನಿಗೆ ಕಿವಿ ಎರಡು ಕೆಲಸ ಮಾಡಿಕೊಡುತ್ತದೆ. ಒಂದು ಆ ಕ್ಷಣದ್ದು: ದನಿ ಎಷ್ಟು ಜೋರು, ಎಷ್ಟು ಏರು ಎಂದು ಅಳೆದು ಕೂಡಲೇ ಸರಿಪಡಿಸುವುದು. ಇದು ಕಿವಿ ಹೋದ ಕೆಲವೇ ದಿನಗಳಲ್ಲಿ ಕೆಡುತ್ತದೆ. ಇನ್ನೊಂದು ನಿಧಾನದ್ದು: ಒಂದೊಂದು ಅಕ್ಷರಕ್ಕೂ ನಾಲಿಗೆ ಎಲ್ಲಿರಬೇಕೆಂಬ ರೂಢಿ ಸವೆಯದಂತೆ ನೋಡಿಕೊಳ್ಳುವುದು. ಮಾತು ಕಲಿತ ಮೇಲೆ ಕಿವಿ ಹೋದವರಲ್ಲಿ ಈ ರೂಢಿ ವರ್ಷಗಟ್ಟಲೆ ತಾನಾಗಿ ನಡೆಯುತ್ತದೆ, ಆಮೇಲೆ ಅಂಚಿನಿಂದ ಸವೆಯತೊಡಗುತ್ತದೆ. ಗುಮಾಸ್ತರ ದನಿ ಮೊದಲ ವರ್ಷವೇ ಏರಿತ್ತು. ‘ಸ’ ಜಾರಿದ್ದು ಐದಾರು ವರ್ಷದ ಮೇಲೆ. ಈ ಕ್ರಮ ತಿಳಿಯದಿದ್ದರೆ ಎರಡು ಬೇರೆ ಬೇರೆ ಕಾಯಿಲೆ ಎಂದೇ ತೋರುತ್ತದೆ.

ಇನ್ನೊಂದು ತಪ್ಪು ಸಲಹೆ ಎಲ್ಲರೂ ಪ್ರೀತಿಯಿಂದಲೇ ಕೊಟ್ಟದ್ದು: ‘ನಿಧಾನವಾಗಿ ಹೇಳಿ.’ ಅವರು ನಿಧಾನ ಮಾಡಿದರು. ಹೇಗೆಂದರೆ ಒಂದೊಂದು ಸ್ವರವನ್ನೂ ಎಳೆದು. ಕನ್ನಡದಲ್ಲಿ ಎಳೆದರೆ ಅರ್ಥವೇ ಬೇರೆ. ‘ಬೆಳೆ’ ಎಳೆದರೆ ‘ಬೇಳೆ’, ‘ಕರು’ ಎಳೆದರೆ ‘ಕಾರು’, ‘ಕಡು’ ಎಳೆದರೆ ‘ಕಾಡು’. ಎಳೆಯುವ ಭರದಲ್ಲಿ ಒತ್ತು ಸಡಿಲವಾಗಿ ‘ಸೊಪ್ಪು’ ಹೋಗಿ ‘ಸೋಪು’ ಬಂತು. ಅಂದರೆ ಮಾತಿನ ಅಸ್ಪಷ್ಟತೆಯಲ್ಲಿ ಒಂದು ದೊಡ್ಡ ಪಾಲು ಕಿವುಡಿನದಲ್ಲ, ಸಲಹೆಯದು.

ಅಳೆದದ್ದು ಹೇಗೆ

ಬಾಗಿಲು ಮುಚ್ಚಿದ ಕೋಣೆ, ಫ್ಯಾನ್ ಬಂದ್, ಬಾಯಿಂದ ಒಂದು ಮೀಟರ್ ದೂರದಲ್ಲಿ ದನಿಯ ಮಟ್ಟ ಅಳೆಯುವ ಯಂತ್ರ. ಸಾಮಾನ್ಯ ಮಾತುಕತೆ ಈ ದೂರದಲ್ಲಿ ಸುಮಾರು 60ರಿಂದ 65 ಡೆಸಿಬಲ್. ಇವರದು 76. ಆಮೇಲೆ ಅಂಗಳದಲ್ಲಿ, ಲಾರಿ ಎಂಜಿನ್ ಓಡುತ್ತಿರುವಾಗ ಅಷ್ಟೇ ದೂರದಲ್ಲಿ ದನಿ ಮುದ್ರಿಸಿ ಕೋಣೆಯ ಧ್ವನಿಮುದ್ರಣದ ಪಕ್ಕಕ್ಕಿಟ್ಟು ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ. ಕಿವಿ ಕೇಳುವವರು ಸದ್ದಿನ ನಡುವೆ ತಮಗೆ ಗೊತ್ತಿಲ್ಲದೆಯೇ ದನಿ ಏರಿಸುತ್ತಾರೆ. ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ದಾಖಲಿಸಿದ್ದರಿಂದ ಅವರ ಹೆಸರೇ ಈ ಗುಣಕ್ಕೆ ನಿಂತಿದೆ. ಗುಮಾಸ್ತರಲ್ಲಿ ಅದು ಇಲ್ಲ. ಹಾಗಾಗಿ ‘ಜೋರಾಗಿ ಮಾತಾಡುತ್ತಾರೆ’ ಎಂಬ ಮನೆಯ ದೂರೂ ‘ಕೇಳುವುದೇ ಇಲ್ಲ’ ಎಂಬ ಮಂಡಿಯ ದೂರೂ ಒಂದೇ ದೋಷದ ಎರಡು ಮುಖ. ದನಿ ಜೋರೆಂಬುದು ತೊಂದರೆಯಲ್ಲ, ಜಾಗಕ್ಕೆ ತಕ್ಕಂತೆ ಬದಲಾಗದಿರುವುದು ತೊಂದರೆ.

ದನಿಯ ಏರು, ಅಂದರೆ ಅದು ಎಷ್ಟು ಕೀಚಲು ಎಂಬುದು, 170 ಹರ್ಟ್ಸ್ ಇತ್ತು. ಗಂಡಸರಲ್ಲಿ ಸಾಮಾನ್ಯವಾಗಿ 100ರಿಂದ 130ರ ಸುತ್ತ ಇರುತ್ತದೆ. ಗಂಟಲು ಬಿಗಿಹಿಡಿದು, ಕೊನೆಯ ಉಸಿರಿನವರೆಗೂ ದೂಡಿ ಮಾತಾಡುವುದರಿಂದ ಹೀಗಾಗುತ್ತದೆ. ಸಂಜೆಗೆ ದನಿ ಒಡೆಯುತ್ತಿದ್ದುದಕ್ಕೂ ಇದೇ ಕಾರಣ.

ಸ್ಪಷ್ಟತೆ ಅಳೆಯಲು ಕಾಗದದ ಮೇಲೆ 20 ಸಂಖ್ಯೆ ಬರೆದುಕೊಟ್ಟು ಓದಿಸಲಾಯಿತು. ಕೇಳಿದವರು ತಮಗೆ ಕೇಳಿಸಿದ್ದನ್ನು ಬರೆದರು, ಎರಡನೆಯ ಸಲ ಕೇಳುವಂತಿಲ್ಲ. ಹೆಂಡತಿ 18 ಸರಿ ಬರೆದರು. ಅದೇ ದಿನ ಸಿಕ್ಕ ಅಪರಿಚಿತರು 11. ಮನೆಯವರ ಕಿವಿ ಪಳಗಿರುತ್ತದೆ. ‘ನಮಗೆ ಚೆನ್ನಾಗೇ ಅರ್ಥವಾಗುತ್ತೆ’ ಎಂಬ ಮಾತನ್ನು ಅಳತೆಗೋಲಾಗಿ ಹಿಡಿಯಬಾರದು.

ಒಂದೇ ಅಕ್ಷರದಲ್ಲಿ ಬೇರೆಯಾಗುವ ಜೋಡಿ ಪದಗಳ ಪಟ್ಟಿ ಓದಿಸಿದಾಗ ಕಂಡದ್ದು ಹೆಚ್ಚು ಕುತೂಹಲದ್ದು. ಪ, ಬ, ಮ ಒಂದಿಷ್ಟೂ ಕೆಟ್ಟಿರಲಿಲ್ಲ, ತುಟಿಗೆ ತುಟಿ ತಾಗುವುದು ಚರ್ಮಕ್ಕೇ ಗೊತ್ತಾಗುತ್ತದೆ. ತ, ಟ ಕೂಡ ಗಟ್ಟಿಯಾಗಿದ್ದವು. ‘ಸ’ಕ್ಕೆ ಆ ಆಸರೆ ಇಲ್ಲ. ನಾಲಿಗೆಯ ನಡುವೆ ಸಣ್ಣ ಕಾಲುವೆ ಮಾಡಿ ಗಾಳಿಯನ್ನು ಹಲ್ಲಿನ ಅಂಚಿಗೆ ಹೊಡೆಸಬೇಕು; ಕೂದಲೆಳೆಯಷ್ಟು ಜಾರಿದರೆ ಸದ್ದು ಮಸುಕು. ಆ ಸದ್ದಿನ ಬಲವೆಲ್ಲ 4000 ಹರ್ಟ್ಸ್‌ನಿಂದ ಮೇಲಿರುವುದು, ಇವರ ಕಿವಿ ಮೊದಲು ಕಳೆದುಕೊಂಡದ್ದೂ ಅದನ್ನೇ. ‘ಳ’ ಕೆಲವೆಡೆ ‘ಲ’ದತ್ತ ಜಾರಿ ‘ಹುಳಿ’ ಹೋಗಿ ‘ಹುಲಿ’ ಆಗುತ್ತಿತ್ತು. ಸ್ವರಗಳೆಲ್ಲ ಬಾಯಿಯ ನಡುವಿಗೆ ಸರಿದುಕೊಂಡಿದ್ದವು, ತುಟಿ ಅರಳುವುದೂ ದುಂಡಾಗುವುದೂ ಕಡಿಮೆಯಾಗಿ ಎ, ಒ ಎರಡೂ ಹತ್ತಿರ ಬಂದಿದ್ದವು. ಎಂಬತ್ತು, ಒಂಬತ್ತು ಕಲಸಿಹೋಗಲು ಕಾರಣ ಇದು.

ಪಟ್ಟಿ ತಯಾರಿಸುವಾಗ ಒಂದು ಎಚ್ಚರ. ಶ–ಷ ಒಂದಾಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು ದೋಷವಲ್ಲ, ಕಿವಿ ಚೆನ್ನಾಗಿರುವ ನಾವೂ ಹಾಗೇ ಆಡುತ್ತೇವೆ. ಮನೆಯಲ್ಲಿ ಹವಿಗನ್ನಡ ಆಡುವವರಿಗೆ ಪುಸ್ತಕದ ಕನ್ನಡದ ಅಳತೆ ಹಿಡಿದರೆ ಇಲ್ಲದ ತಪ್ಪುಗಳೆಲ್ಲ ಹುಟ್ಟಿಕೊಳ್ಳುತ್ತವೆ. ಅವರ ತಮ್ಮ ಹೇಗೆ ಆಡುತ್ತಾನೆ ಎಂಬುದೇ ಅಳತೆ.

ಪೆಟ್ಟಿಗೆಯಲ್ಲಿದ್ದ ಯಂತ್ರ

ಶ್ರವಣ ಯಂತ್ರ ಇತ್ತು, ಬೀರುವಿನಲ್ಲಿ. ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿ ಯಂತ್ರ ಸಿಳ್ಳೆ ಹೊಡೆಯುತ್ತಿತ್ತು. ಸಿಳ್ಳೆ ಇವರಿಗೆ ಕೇಳುತ್ತಿರಲಿಲ್ಲ, ಪಕ್ಕದವರು ಮುಖ ಕಿವುಚುವುದು ಮಾತ್ರ ಕಾಣುತ್ತಿತ್ತು. ಹೊಸ ಅಚ್ಚು ತೆಗೆಸಿ, ತಗ್ಗು ಆವರ್ತನಗಳಿಗೆ ಬಲ ಕೊಟ್ಟು ಮತ್ತೆ ಹೊಂದಿಸಲಾಯಿತು. ಇದರಿಂದ ಎದುರಿನವರ ಮಾತು ತಿಳಿಯಲಿಲ್ಲ, ತಿಳಿಯುವುದು ಗುರಿಯೂ ಆಗಿರಲಿಲ್ಲ. ತನ್ನ ದನಿ ಏರಿತೋ ಇಳಿಯಿತೋ ಎಂಬ ಅಂದಾಜು ಸಿಕ್ಕಿತು. ಯಂತ್ರ ಕೊಡುವವರು ಈ ಮಾತನ್ನು ಮೊದಲೇ ಬಿಡಿಸಿ ಹೇಳದಿದ್ದರೆ ಯಂತ್ರ ವಾರದಲ್ಲಿ ಬೀರು ಸೇರುತ್ತದೆ.

ದಿನಾ ಬೆಳಿಗ್ಗೆ ಆರು ಸದ್ದಿನ ಪರೀಕ್ಷೆ: ಆ, ಊ, ಈ, ಮ್, ಶ್, ಸ್. ಹೆಂಡತಿ ಒಂದು ಮೀಟರ್ ಹಿಂದೆ ನಿಂತು ಹೇಳಬೇಕು. ಇವರಿಗೆ ಆ, ಊ, ಮ್ ಕೇಳುತ್ತದೆ. ‘ಈ’ ಅಂದರೆ ‘ಊ’ ಎನ್ನುತ್ತಾರೆ, ಯಾಕೆಂದರೆ ಎರಡಕ್ಕೂ ತಗ್ಗಿನ ಅನುರಣನ (ಬಾಯೊಳಗೆ ಸದ್ದು ಮೊಳಗುವುದು) ಒಂದೇ ಆವರ್ತನದ ಕಡೆ, ಅವನ್ನು ಬೇರ್ಪಡಿಸುವ ಮೇಲಿನ ಅನುರಣನ ಇವರಿಗೆ ಕೇಳದು. ಶ್, ಸ್ ಇಲ್ಲವೇ ಇಲ್ಲ. ನಿನ್ನೆ ಕೇಳಿದ ‘ಮ್’ ಇವತ್ತು ಕೇಳದಿದ್ದರೆ ಬ್ಯಾಟರಿ ಅಥವಾ ನೀರು.

ನೀರು ಎಂದರೆ ಮಲೆನಾಡಿನ ಮಳೆಗಾಲ. ಅಚ್ಚಿನ ಕೊಳವೆಯಲ್ಲಿ ಹನಿ ಕಟ್ಟಿ ಸದ್ದು ನಿಲ್ಲುತ್ತದೆ. ರಾತ್ರಿ ಬ್ಯಾಟರಿ ತೆಗೆದು, ಯಂತ್ರವನ್ನು ಮಾತ್ರ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಬ್ಯಾಟರಿಯನ್ನೂ ಒಳಗಿಟ್ಟರೆ ಅದು ಒಣಗಿ ಬೇಗ ಸಾಯುತ್ತದೆ. ಹೆಚ್ಚು ಬಲದ ಯಂತ್ರಕ್ಕೆ 675 ಅಳತೆಯ ಬ್ಯಾಟರಿ. ಅದು ಗಾಳಿಯಿಂದ ನಡೆಯುವಂಥದ್ದು, ಸ್ಟಿಕ್ಕರ್ ಕಿತ್ತ ಮೇಲೆ ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಒದ್ದೆಯಾಯಿತೆಂದು ಒಲೆಯ ಬಳಿ, ಅಡಿಕೆ ಬೇಯಿಸುವ ಹಂಡೆಯ ಬಳಿ ಇಡುವ ಅಭ್ಯಾಸ ಇದೆ. ಯಂತ್ರ ಕರಗಿ ಸೊಟ್ಟಗಾದದ್ದನ್ನು ಯಾರೂ ರಿಪೇರಿ ಮಾಡಿಕೊಡಲಾರರು.

ದನಿ ಮೊದಲು, ಅಕ್ಷರ ಆಮೇಲೆ

ಚಿಕಿತ್ಸೆಗೆ ಹೋಗಬೇಕಾದದ್ದು ಶಿವಮೊಗ್ಗಕ್ಕೆ, ಸಾಗರದಿಂದ ಸುಮಾರು 70 ಕಿಲೋಮೀಟರ್. ವಾರವಾರ ಬಾ ಎಂದರೆ ಮೂರನೆಯ ವಾರಕ್ಕೆ ನಿಲ್ಲುತ್ತದೆ. ಹದಿನೈದು ದಿನಕ್ಕೊಮ್ಮೆ ಭೇಟಿ, ನಡುವೆ ಮನೆಯಲ್ಲಿ ಹತ್ತು ಹತ್ತು ನಿಮಿಷ ದಿನಕ್ಕೆ ಮೂರು ಸಲ. ಒಟ್ಟು 14 ವಾರ.

ಮೊದಲ ನಾಲ್ಕು ವಾರ ಅಕ್ಷರದ ಗೊಡವೆಗೇ ಹೋಗಲಿಲ್ಲ. ದನಿಗೆ ಮೂರು ಹೆಸರು ಇಡಲಾಯಿತು: ಜಗಲಿ ದನಿ, ಗಲ್ಲಾ ದನಿ, ಲಾರಿ ದನಿ. ಫೋನಿನಲ್ಲಿ ದನಿಮಟ್ಟ ತೋರಿಸುವ ಆ್ಯಪ್ ಹಾಕಿ ತೋಳಿನಳತೆ ದೂರದಲ್ಲಿಟ್ಟು, ಮುಳ್ಳು ನೋಡುತ್ತಾ ಒಂದೊಂದು ದನಿಯನ್ನೂ ಹಿಡಿದು ನಿಲ್ಲಿಸುವುದು. ಫೋನಿನ ಅಂಕಿ ಕರಾರುವಾಕ್ಕಲ್ಲ, ಒಂದೇ ಫೋನು ಒಂದೇ ದೂರದಲ್ಲಿದ್ದರೆ ಸಾಕು. ಒಂದು ಕೈ ಎದೆಯ ಮೇಲೆ. ಜಗಲಿ ದನಿಯಲ್ಲಿ ಎದೆ ಸಣ್ಣಗೆ ನಡುಗುತ್ತದೆ, ಗಂಟಲು ಸಡಿಲ. ಲಾರಿ ದನಿಯಲ್ಲಿ ಹೊಟ್ಟೆ ಒತ್ತುತ್ತದೆ. ವಾರದ ಕೊನೆಗೆ ಮುಳ್ಳು ಮುಚ್ಚಿ, ಮೈಯ ಅನುಭವದಿಂದಲೇ ದನಿ ಹಿಡಿದು, ಆಮೇಲೆ ತೆರೆದು ನೋಡುವುದು. ಈ ಮುಚ್ಚಿ ತೆರೆಯುವ ಹಂತ ಬಿಟ್ಟರೆ ಅಭ್ಯಾಸ ಫೋನಿನ ಎದುರು ಮಾತ್ರ ಉಳಿಯುತ್ತದೆ. ಎಲ್ಲ ಕಡೆ ಕೆಡುವುದು ಇಲ್ಲೇ.

ಸುತ್ತಲಿನ ಸದ್ದು ಕೇಳದವರು ಯಾವ ದನಿ ಬೇಕೆಂದು ಹೇಗೆ ಆರಿಸಬೇಕು? ಕಣ್ಣಿನಿಂದ. ಲಾರಿಯ ಹೊಗೆಕೊಳವೆ ನಡುಗುತ್ತಿದೆಯೆ, ಫ್ಯಾನ್ ತಿರುಗುತ್ತಿದೆಯೆ, ಕೇಳುವವರು ಎರಡು ಮಾರು ದೂರವಿದ್ದಾರೆಯೆ? ಮನೆಯಲ್ಲಿ ಹೆಂಡತಿ ಮೊದಲು ಬಾಯಿಗೆ ಬೆರಳಿಟ್ಟು ‘ಶ್’ ಮಾಡುತ್ತಿದ್ದರು, ಅದು ಇವರಿಗೆ ‘ಬಾಯಿ ಮುಚ್ಚು’ ಎಂದಂತಾಗಿ ಸಿಟ್ಟು ಬರುತ್ತಿತ್ತು. ಅದರ ಬದಲು ಅಂಗೈಯನ್ನು ಸೊಂಟದ ಮಟ್ಟದಲ್ಲಿ ಮೆಲ್ಲಗೆ ಇಳಿಸುವ ಸನ್ನೆ ಗೊತ್ತುಮಾಡಿಕೊಂಡರು.

ಉಸಿರಿಗೆ ಒಂದೇ ನಿಯಮ: ಒಂದು ಉಸಿರಿಗೆ ಐದಾರು ಪದ, ಆಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು. ನಿಧಾನ ಬೇಕಾದರೆ ಅದು ಪದಗಳ ನಡುವಿನ ನಿಲುಗಡೆಯಲ್ಲಿ ಬರಲಿ, ಸ್ವರದ ಎಳೆತದಲ್ಲಿ ಬೇಡ.

ಎಳೆತ ಬಿಡಿಸಲು ಶಾಲೆಯ ಛಂದಸ್ಸು ಕೆಲಸಕ್ಕೆ ಬಂತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂಬುದು ಅವರಿಗೆ ಮರೆತಿರಲಿಲ್ಲ. ತೊಡೆಯ ಮೇಲೆ ಬೆರಳು ತಟ್ಟುತ್ತಾ ‘ಬೆಳೆ’ ಎರಡು ತಟ್ಟು, ‘ಬೇಳೆ’ ಮೂರು. ‘ಹತ್ತು’ ಕೂಡ ಮೂರೇ, ಆದರೆ ಎರಡನೆಯ ತಟ್ಟಿನಲ್ಲಿ ಸ್ವರವಲ್ಲ, ನಾಲಿಗೆ ಹಲ್ಲಿಗೆ ಒತ್ತಿ ನಿಂತ ಮೌನ. ಒತ್ತಕ್ಷರದ ಜೀವ ಆ ಮೌನದಲ್ಲಿದೆ. ಎರಡು ವಾರದಲ್ಲಿ ಎಳೆತ ಬಹುಪಾಲು ಹೋಯಿತು. ಇಡೀ ಚಿಕಿತ್ಸೆಯಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಟ್ಟದ್ದು ಇದು.

‘ಸ’ ಹಿಡಿದ ಬಗೆ

‘ಸ’ವನ್ನು ‘ತ’ದಿಂದ ಎಬ್ಬಿಸುವುದು ಸುಲಭ. ತ್ ತ್ ತ್ ಎಂದು ಬೇಗ ಬೇಗ ಹೇಳಿಸಿ, ಕೊನೆಯ ತ್ ಬಿಡುವಾಗ ಹಲ್ಲು ಹತ್ತಿರ ತಂದು ಗಾಳಿ ಬಿಡಬೇಕು: ‘ತ್ಸ್’. ಆಮೇಲೆ ತ್ ಕಳಚಬೇಕು. ಬೆರಳು ಒದ್ದೆಮಾಡಿ ತುಟಿಯ ಮುಂದೆ ಹಿಡಿದರೆ ಸರಿಯಾದ ‘ಸ’ ಸೂಜಿಯಂತೆ ಒಂದೇ ಜಾಗದಲ್ಲಿ ತಣ್ಣಗೆ ತಾಗುತ್ತದೆ. ‘ಶ’ ಅಗಲವಾಗಿ, ಕೊಂಚ ಬೆಚ್ಚಗೆ, ತುಟಿ ಮುಂದಕ್ಕೆ ಬಂದಿರುತ್ತದೆ. ಕನ್ನಡಿಯಲ್ಲಿ ನಾಲಿಗೆ ಹಲ್ಲಿನಾಚೆ ಇಣುಕಿದರೆ ತಪ್ಪು. ಗಾಳಿ ಕೆನ್ನೆಯ ಪಕ್ಕದಿಂದ ಹೋಗುತ್ತಿದ್ದರೆ ಬೆರಳಿಗೆ ನಡುವೆ ಏನೂ ತಾಗದು.

ಅಭ್ಯಾಸದ ಪದಗಳು ಮಂಡಿಯವೇ: ಸಾವಿರ, ಸರಕು, ಸೊಸೈಟಿ, ರಾಶಿ, ಐದುಸಾವಿರದ ಐನೂರು. ‘ಸ’ ಸಿಕ್ಕ ಮೇಲೆ ಬಂದ ಹೊಸ ದೋಷ ಎಂದರೆ ‘ಸ್ಸ್ಸಾವಿರ’ ಎಂದು ಹಾವಿನಂತೆ ಎಳೆಯುವುದು. ಮತ್ತೆ ತೊಡೆಯ ಮೇಲೆ ತಟ್ಟು.

ಎಂಬತ್ತು–ಒಂಬತ್ತಿಗೆ ನಮ್ಮ ನಾಲಿಗೆಯಲ್ಲೇ ಉಪಾಯವಿತ್ತು. ಬರೆಯುವುದು ಎ, ಒ. ಆಡುವುದು ‘ಯೆಂಬತ್ತು’, ‘ವೊಂಬತ್ತು’. ಆ ಯಕಾರ–ವಕಾರಗಳನ್ನು ತುಸು ಹೆಚ್ಚು ಮಾಡಿ, ಮೊದಲನೆಯದಕ್ಕೆ ತುಟಿ ಅರಳಿಸಿ, ಎರಡನೆಯದಕ್ಕೆ ದುಂಡಗೆ ಮಾಡಿ ಹೇಳಿದರೆ ಕೇಳುವವರ ಕಿವಿಗೂ ಕಣ್ಣಿಗೂ ಬೇರೆಯಾಗುತ್ತದೆ.

ಫೋನಿನ ಕನ್ನಡ ಧ್ವನಿ ಬರಹವನ್ನು ಪರೀಕ್ಷಕನಾಗಿ ಬಳಸಿದ್ದುಂಟು, ಒಂದೊಂದೇ ಪದ ಹೇಳಿ ಏನು ಮೂಡುತ್ತದೆ ನೋಡುವುದು. ಪೂರ್ತಿ ವಾಕ್ಯ ಹೇಳಿದರೆ ಫೋನು ಸಂದರ್ಭ ನೋಡಿ ಊಹಿಸಿ ಸರಿ ಬರೆದುಬಿಡುತ್ತದೆ. ಅದು ಹೆಂಡತಿಯ ಕಿವಿಯ ಹಾಗೆ, ಮೆಚ್ಚುಗೆಗೆ ಆಗುತ್ತದೆ, ಅಳತೆಗೆ ಆಗದು.

ದನಿಯ ಏರಿಳಿತಕ್ಕೆ ಸಮಯ ಹಾಕಲಿಲ್ಲ. ಕನ್ನಡದಲ್ಲಿ ಪ್ರಶ್ನೆಯ ಗುರುತು ಪದದ ಕೊನೆಯ ‘ಆ’ದಲ್ಲೇ ಇದೆ, ‘ಬಂದ್ರಾ’ ಎಂಬುದು ಸಪಾಟು ದನಿಯಲ್ಲೂ ಪ್ರಶ್ನೆಯೇ. ತೊಂದರೆ ‘ಬನ್ನಿ, ಕೂತ್ಕೊಳ್ಳಿ’ ಎಂಬಲ್ಲಿ. ಸಪಾಟಾಗಿ ಹೇಳಿದರೆ ಹುಕುಂ. ಅದಕ್ಕೆ ‘ಬನ್ನಿ ಅಣ್ಣಾ’ ಎಂದು ಸೇರಿಸಿ, ಕೈ ತೋರಿಸಿ, ನಗುವುದು ಸಾಕಾಯಿತು.

ಕೇಳುವವರ ಪಾಲು

ಗಲ್ಲಾದ ಮೇಜು ಬಾಗಿಲಿಗೆ ಮುಖಮಾಡಿತ್ತು, ಗಿರಾಕಿಯ ಬೆನ್ನ ಹಿಂದೆ ಬೆಳಕು, ಮುಖ ಕತ್ತಲು. ಮೇಜು ತಿರುಗಿಸಿದ್ದರಿಂದ ತುಟಿ ಓದುವುದು ಹಗುರವಾಯಿತು. ಆದರೂ ಬಾಯಲ್ಲಿ ಕವಳ ತುಂಬಿಕೊಂಡು ಮಾತಾಡುವವರ ತುಟಿಯನ್ನು ಯಾರೂ ಓದಲಾರರು. ತುಟಿಯ ಮೇಲೆ ಮರ, ಬರ ಎರಡೂ ಒಂದೇ. ಎಪ್ಪತ್ತು, ಎಂಬತ್ತು ಕೂಡ ಒಂದೇ. ಹಾಗಾಗಿ ಸಂಖ್ಯೆಯನ್ನು ಎರಡೂ ಕಡೆಯಿಂದ ಚೀಟಿಯಲ್ಲಿ ಬರೆದು ತೋರಿಸಿ ಆಮೇಲೆ ಬಾಯಲ್ಲಿ ಹೇಳುವುದೆಂದು ಮಂಡಿ ಯಜಮಾನರೇ ಗೊತ್ತುಮಾಡಿದರು. ಫೋನ್ ಕರೆ ಇನ್ನೊಬ್ಬ ಗುಮಾಸ್ತನಿಗೆ, ವಾಟ್ಸಾಪ್ ಇವರಿಗೆ.

ಈ ಕ್ರಮವನ್ನೆಲ್ಲ ಹುಟ್ಟು ಕಿವುಡರಿಗೆ ಹಾಗೇ ಎತ್ತಿ ಹಾಕಬಾರದು. ಅವರಲ್ಲಿ ಸವೆಯಲು ಹಳೆಯ ರೂಢಿಯೇ ಇರುವುದಿಲ್ಲ. ನಾಲಿಗೆ ಹಿಂದಕ್ಕೆ ಸರಿದಿರುವುದು, ಮೂಗಿನ ಅನುರಣನ, ಪದದ ನಡುವೆ ಒಡೆಯುವ ಉಸಿರು ಇವೆಲ್ಲ ಬೇರೆ ಲೆಕ್ಕ. ಸನ್ನೆ ಭಾಷೆಯಲ್ಲಿ ನಿರಾಳವಾಗಿ ಮಾತಾಡುವವರನ್ನು ದನಿಯಿಂದ ಅಳೆಯುವುದೂ ಸರಿಯಲ್ಲ.

ಹದಿನಾಲ್ಕು ವಾರದ ಕೊನೆಗೆ

ಮನೆಯಲ್ಲಿ ದನಿ 66 ಡೆಸಿಬಲ್‌ಗೆ ಇಳಿಯಿತು, ಲಾರಿಯ ಬಳಿ 80ಕ್ಕೆ ಏರಿಸಲು ಬಂತು. ಅಪರಿಚಿತರು 20 ಸಂಖ್ಯೆಯಲ್ಲಿ 16 ಸರಿ ಬರೆದರು. ತಪ್ಪಿದ ನಾಲ್ಕರಲ್ಲಿ ಮೂರು ‘ಸಾವಿರ’ ಬೇಗ ಹೇಳಿದಾಗಿನವು. ದನಿಯ ಏರು 170ರಿಂದ 155ಕ್ಕೆ ಮಾತ್ರ ಬಂತು, ಸಪಾಟುತನ ಹಾಗೇ ಇದೆ. ಸಂಜೆ ದಣಿದಾಗ ‘ಸ’ ಜಾರುತ್ತದೆ. ಜುಲೈಯಲ್ಲಿ ಯಂತ್ರ ಒದ್ದೆಯಾಗಿ ಎರಡು ವಾರ ರಿಪೇರಿಗೆ ಹೋದಾಗ ದನಿ ಮತ್ತೆ 72ಕ್ಕೆ ಹತ್ತಿತ್ತು, ಮರಳಿ ಹಾಕಿಕೊಂಡ ನಾಲ್ಕು ದಿನದಲ್ಲಿ ಇಳಿಯಿತು.

ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಕ್ರಿಯೆ ಮಾಡಿ ಒಳಗಿವಿಯ ಶಂಖದಲ್ಲಿ ಕೂರಿಸುವ ಸಾಧನ) ಬಗ್ಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಾಗದ ಕೊಡಲಾಗಿದೆ. ಮಾತು ಕಲಿತ ಮೇಲೆ ಕಿವಿ ಹೋದ ದೊಡ್ಡವರಲ್ಲಿ ಅದರ ಫಲ ಸಾಮಾನ್ಯವಾಗಿ ಒಳ್ಳೆಯದು, ದನಿಯ ಜೋರು ಬೇಗ ಹತೋಟಿಗೆ ಬರುತ್ತದೆ, ‘ಸ’ ನಿಧಾನಕ್ಕೆ. ಕಿವಿ ಹೋಗಿ ವರ್ಷ ಹೆಚ್ಚಾದಷ್ಟೂ ಲಾಭ ಕಡಿಮೆ, ಒಂಬತ್ತು ವರ್ಷ ಈಗಾಗಲೇ ಆಗಿದೆ. ಖರ್ಚು ಹಲವು ಲಕ್ಷ; ಸರ್ಕಾರದ ನೆರವು ಹೆಚ್ಚಾಗಿ ಮಕ್ಕಳಿಗಾಗಿ ಇರುವುದು. ಅಡಿಕೆ ಕೊಯ್ಲು ಮುಗಿದ ಮೇಲೆ ನೋಡೋಣ ಎಂದಿದ್ದಾರೆ. ಅಲ್ಲಿಯವರೆಗೆ ಮೂರು ತಿಂಗಳಿಗೊಮ್ಮೆ ಅದೇ 20 ಸಂಖ್ಯೆ, ಪ್ರತಿ ಸಲ ಹೊಸ ಅಪರಿಚಿತರಿಂದ.